ಸಿದ್ದಕ್ಕ ನೀರು ಇಳಿಸಿದ್ದು

ಆ ಲಾರಿ ಕಲ್ಲಿದ್ದಲು ನನಗೆ ಅರ್ಧ ಬೆಲೆಗೆ ಸಿಕ್ಕಿತ್ತು. ಯಾಕೆಂದರೆ ಮಿಕ್ಕರ್ಧ ನೀರು. ನುಣ್ಣಗೆ ಅರೆದು ಮಣ್ಣು ತೊಳೆದ ಪುಡಿ, ಬೂದಿ ಕಡಿಮೆ ಎಂದು ಚೌಕಾಶಿ ಮಾಡಿ ತಂದೆ. ಉಡಿಗಾಲದ ದಾರಿಯ ನನ್ನ ಇಟ್ಟಿಗೆ ಗೂಡಿನ ಮುಂದೆ ಸುರಿದಾಗ ರಾಗಿ ಅಂಬಲಿಯಂತೆ ಹರಡಿಕೊಂಡಿತು.

ಸಿದ್ದಕ್ಕ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಏನ್ ತಮ್ಮಯ್ಯ, ಉರ್ಸಕ್ಕೆ ತಂದ್ಯೋ, ಕುಡ್ಸಕ್ಕೆ ತಂದ್ಯೋ?"

ಹಂಗಳದವಳು ಆಕೆ, ಗೂಡಿನ ಹೆಣ್ಣಾಳುಗಳ ಮುಖಂಡೆ. ನಕ್ಕರೆ ರಸ್ತೆಯ ಬಸ್ಸಿನವರೂ ತಿರುಗಿ ನೋಡುತ್ತಿದ್ದರು. ಕೂಲಿ ಮಾತಾಡುವಾಗ ಮಾತ್ರ ಎಲೆಅಡಿಕೆ ಜಗಿಯುತ್ತ ಆಕಾಶ ನೋಡುವಳು. ನಾನು ಸೋತು ಏರಿಸುವವರೆಗೂ ತುಟಿ ಬಿಚ್ಚಳು. ಚೌಕಾಶಿಯಲ್ಲಿ ನನ್ನನ್ನು ಗೆದ್ದವಳು ಅವಳೊಬ್ಬಳೇ.

ತೊಂಬತ್ತರ ದಶಕದ ಆ ಬೇಸಿಗೆ ಮುಗಿಯುತ್ತ ಬಂದಿತ್ತು. ಗೂಡಿನಲ್ಲಿ ಹಸಿ ಇಟ್ಟಿಗೆ ಪೇರಿಸಿಯಾಗಿತ್ತು, ಬೆಟ್ಟದ ಕಡೆ ಮೋಡ ಕಟ್ಟಿತ್ತು. ಬೆಂಕಿ ಹತ್ತುವ ಮೊದಲು ಮಳೆ ಬಿದ್ದರೆ ಇಡೀ ವರ್ಷದ ದುಡಿಮೆ ಕೆಸರು.

ಅವಸರಕ್ಕೆ ಪುಡಿಯನ್ನು ಗೋಣಿಚೀಲಕ್ಕೆ ತುಂಬಿಸಿ ಆಳುಗಳಿಂದ ತುಳಿಸಿದೆ. ಒಂದಿಷ್ಟು ಕಪ್ಪು ನೀರು ಬಂದು ನಿಂತೇ ಹೋಯಿತು. ಪುಡಿ ಗೋಣಿಯ ಕಣ್ಣೆಲ್ಲ ಮುಚ್ಚಿ ಅಂಟಾಗಿತ್ತು.

"ಬುಡ್ರುಲಾ ತುಳ್ಯದ! ಉಸ್ರು ಕಟ್ತದೆ ಅದ್ಕೆ," ಎಂದು ಸಿದ್ದಕ್ಕ ಅವರನ್ನು ಇಳಿಸಿದಳು. ಇಟ್ಟಿಗೆ ಚೂರು ಹಾಸಿ, ಮೇಲೆ ಗೋಣಿತಾಟು ಹರಡಿಸಿದಳು. ಪುಡಿಗೆ ಭತ್ತದ ಹೊಟ್ಟು ಬೆರೆಸಲು ಹೋದಾಗ ನಾನು ಅಡ್ಡ ನಿಂತೆ.

"ಅಕ್ಕ, ಒಳ್ಳೇ ಮಾಲು ಕಲಬೆರಕೆ ಮಾಡ್ತೀಯಾ?"

"ನೀರ್ ಬೆರ್ಸಿದ್ ಮಾಲ್ ತಂದೋನು ನೀನು, ಕಲಬೆರಕೆ ನಂದಾ? ಓಗು ಅತ್ಲಾಗೆ! ಹೊಟ್ಟಿನ ಸಂದೀಲಿ ನೀರು ಇಳೀತದೆ. ಹೊಟ್ಟೂ ಉರೀತದೆ ಕಣ."

ಹೊಟ್ಟು ಬೆರೆತ ಪುಡಿಯನ್ನು ಗೋಣಿತಾಟಿನ ಮೇಲೆ ಹರಡಿಸಿದಳು. ಸಂಜೆಗೆ ತಾಟಿನಡಿ ನೀರು ತೊಟ್ಟಿಕ್ಕುವುದು ಕೇಳಿಸಿತು. ಅದಕ್ಕಿಂತ ಇಂಪಾದ ಸದ್ದು ನಾನು ಕೇಳಿಲ್ಲ. ಮರುದಿನ ಗಾಳಿ, ಬಿಸಿಲು ಎರಡೂ ಕೈಹಿಡಿದವು, ಪುಡಿ ಮುಟ್ಟಿದರೆ ಉದುರುದುರು. ಬೆಂಕಿ ಕಚ್ಚಿ ಗೂಡು ಕಾದ ಮೇಲೆಯೇ ಮಳೆ ಬಂತು. ಬಿದ್ದ ಹನಿ ಚೊಯ್ ಎಂದು ಆವಿಯಾಗುತ್ತಿದ್ದರೆ ನಾವಿಬ್ಬರೂ ತಗಡಿನ ಕೆಳಗೆ ಕೂತು ಟೀ ಕುಡಿದೆವು.

"ಈಗ ಉಯ್ಲಿ ಬುಡು," ಅಂದಳು.

ಕೊನೆಯ ಸಲ ಸಿಕ್ಕಿದ್ದು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ. ಕುದೇರಿನ ಮಗಳ ಮನೆಗೆ ಹೊರಟಿದ್ದಳು. "ಗೂಡು ಚೆಂದಾಗದಾ?" ಎಂದು ಕೇಳಿ ಬಸ್ ಹತ್ತಿದಳು. ಆಮೇಲೆ ಅವಳ ಸಾವಿನ ಸುದ್ದಿಯಷ್ಟೇ ಬಂತು.

ಪುಡಿ ಕಲ್ಲಿದ್ದಲು ಕೊಳ್ಳುವವರೇ, ದರ ಕೇಳುವ ಮೊದಲು ನೀರೆಷ್ಟು ಅಂತ ಕೇಳಿ. ಹೊಟ್ಟು ಮೊದಲೇ ತರಿಸಿಡಿ. ಹರಡಿದ ಮೇಲೆ ಹತ್ತಿರ ಸುಳಿಯಬೇಡಿ; ಮೋಡ ಕಂಡು ಕೈ ತುರಿಸಿದರೆ ಊಟಕ್ಕೆ ಹೋಗಿ. ಅವತ್ತು ಸಿದ್ದಕ್ಕ ನನ್ನನ್ನು ಹಾಗೇ ಮನೆಗೆ ಅಟ್ಟಿದ್ದಳು. ಗೂಡು ಉಳಿಯಿತು.