ಮೂರು ಕುದಿಯ ಗೋಡೆ

ಯಾದಗಿರಿ ರೈಲು ನಿಲ್ದಾಣದ ಕಬ್ಬಿಣದ ಬೇಲಿಗೆ ಮೊನ್ನೆ ಹೊಸ ಬಣ್ಣ ಬಳಿಯುತ್ತಿದ್ದರು. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಪೇಂಟರ್ ಕಾಕಾ ನೆನಪಾದರು. ಬಲಗಿವಿಯ ಮೇಲೆ ಸದಾ ಒಂದು ಸಣ್ಣ ಬ್ರಷ್ ಸಿಕ್ಕಿಸಿಕೊಂಡಿರುತ್ತಿದ್ದರು. ಬಲಗಿವಿಯೋ, ಎಡಗಿವಿಯೋ... ಕಾಲೇಜಿನಲ್ಲಿ ಮಾರ್ಕೆಟಿಂಗ್ ಪಾಠ ಮಾಡುವಾಗ ಪ್ರತಿ ವರ್ಷ ಅವರ ಕಥೆ ಹೇಳುತ್ತೇನೆ. ಅದರಲ್ಲಿ ನಡೆದದ್ದೆಷ್ಟು, ಹೇಳುತ್ತ ಹೇಳುತ್ತ ಬೆಳೆದದ್ದೆಷ್ಟು ಎಂಬ ಗುಮಾನಿ ನನಗೇ ಇದೆ.

ಕಲಬುರಗಿಯಲ್ಲಿ ಎಂಬಿಎ ಮುಗಿಸಿದ ಹೊಸತರಲ್ಲಿ ಒಂದು ಚಹಾಪುಡಿ ಕಂಪನಿಗೆ ಸೇರಿದ್ದೆ. ಶಹಾಪುರ, ಸುರಪುರ ಕಡೆಯ ಹಳ್ಳಿಗಳಲ್ಲಿ ರಸ್ತೆಗೆ ಕಾಣುವ ಗೋಡೆಗಳನ್ನು ಹುಡುಕಿ, ಕಾಕಾ ಕೈಯಲ್ಲಿ ಜಾಹೀರಾತು ಬರೆಸಿ, ಫೋಟೊ ತೆಗೆದು ಮ್ಯಾನೇಜರಿಗೆ ಕಳಿಸುವುದು ನನ್ನ ಕೆಲಸ. ಫ್ಲೆಕ್ಸ್ ಬೋರ್ಡುಗಳು ಆಗಷ್ಟೇ ಎಲ್ಲೆಡೆ ಏಳುತ್ತಿದ್ದವು. ಮ್ಯಾನೇಜರ್ ಸಾಹೇಬರು ಒಂದು ಶರತ್ತು ಹಾಕಿದ್ದರು. ಸುರಪುರ ದಾರಿಯ ಒಂದು ಹಳ್ಳಿಯಲ್ಲಿ ಬಸ್ ನಿಲ್ಲುವ ಜಾಗದ ಎದುರಿಗೇ ಇದ್ದ ದೊಡ್ಡ ಗೋಡೆ ಸಿಕ್ಕರೆ ಉಳಿದ ಊರುಗಳ ಕೆಲಸವೂ ಕಾಕಾಗೆ. ಸಿಗದಿದ್ದರೆ ಎಲ್ಲ ಕಡೆ ಫ್ಲೆಕ್ಸ್. ಕಾಕಾಗೆ ಬೇರೆ ಕಸುಬು ಗೊತ್ತಿರಲಿಲ್ಲ. ಕಲಿಯುವ ಮನಸ್ಸಂತೂ ಇರಲೇ ಇಲ್ಲ.

ಗೋಡೆ ಊರವರು ಆಯಿ ಎನ್ನುತ್ತಿದ್ದ ಒಬ್ಬ ಮುದುಕಿಯದು. ಕ್ಲಾಸಿನಲ್ಲಿ ಹೇಳುವಾಗ ಆಕೆ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದ್ದಾಳೆ. ನಿಜದಲ್ಲಿ ಗಿಡ್ಡಗೆ ಇದ್ದಳೆಂದು ಕಾಣುತ್ತದೆ. ಬಾಡಿಗೆ ಕೊಡುತ್ತೇವೆ, ಮೇಲೊಂದು ಗೋಡೆ ಗಡಿಯಾರವನ್ನೂ ಕೊಡುತ್ತೇವೆ ಎಂದು ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು.

“ನನ್ನ ಗ್ವಾಡಿ ಮ್ಯಾಲ ಬರದ್ರ ನಾ ಹೇಳಿದಂಗ ಆತಲ್ಲೋ ತಮ್ಮಾ. ನಾಳಿಗಿ ಬಸ್ಸಿಗಿ ನಿಂತವರು ಕೇಳಿದ್ರ ಏನ್ ಜವಾಬ್ ಕೊಡ್ಲಿ? ನಾ ಕುಡಿದೇನೇನು ನಿಮ್ಮ ಚಾ?”

ಮಾತು ಕಂಪನಿಯದು, ಗೋಡೆ ಮಾತ್ರ ನಿಮ್ಮದು ಎಂದು ವಿವರಿಸಿದೆ. ಬಾಯಿ ಮನೆಯೊಳಗಿದ್ದು ಮಾತು ಬೀದಿಯಲ್ಲಿರಲು ಸಾಧ್ಯವೇ ಎಂಬಂತೆ ಆಕೆ ನನ್ನನ್ನು ನೋಡಿದಳು. ಅಷ್ಟರಲ್ಲಿ ಕಾಕಾ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಂಬಕ್ಕೆ ಒರಗಿ ಕುಳಿತೇಬಿಟ್ಟಿದ್ದರು.

“ಆಯಿ ಹೇಳೂದು ಖರೇ ಐತಿ. ಒಲಿ ಹಚ್ಚಬೇ ಯವ್ವಾ, ಕುಡದು ನೋಡು. ಪಸಂದ್ ಆಗಲಿಲ್ಲಂದ್ರ ಈ ಸಾಹೇಬ್ರನ್ನ ಬಸ್ ಹತ್ತಿಸಿ ಕಳಸ್ತೀನಿ.”

ಕಂಪನಿಯ ಘೋಷವಾಕ್ಯ ‘ಒಂದೇ ಕುದಿಗೆ ಕಡಕ್’ ಎಂದಿತ್ತು. ನನ್ನ ಚೀಲದಲ್ಲಿದ್ದ ಕಂಪನಿಯ ಪುಡಿ ಹಾಕಿದ ನೀರಿಗೆ ಒಂದು ಕುದಿ ಬಂತು. ಆಯಿ ಬಟ್ಟಲಿಗೆ ಸುರಿದು ಬಾಯಿಗಿಟ್ಟು, ಇದು ಭಾಂಡಿ ತೊಳೆದ ನೀರು ಎಂದಳು. ಪಕ್ಕದ ಮನೆಯ ಹೆಂಗಸರು ಸೇರಿದರು. ಎರಡನೆಯ ಕುದಿಗೆ ಅಭಿಪ್ರಾಯಭೇದ ಹುಟ್ಟಿತು. ಒಬ್ಬಾಕೆ ಪರವಾಗಿಲ್ಲ ಎಂದಳು. ಅವಳ ನಾಲಿಗೆ ಅತ್ತೆ ಮನೆಗೆ ಬಂದಾಗಿನಿಂದ ಸತ್ತಿದೆ ಎಂದು ಇನ್ನೊಬ್ಬಾಕೆ ನಗಿಸಿದಳು. ಮೂರನೆಯ ಕುದಿಗೆ ಚಹಾ ಕೆಂಪಗೆ ಉಕ್ಕಿತು. ಆಯಿ ಕಣ್ಣು ಮುಚ್ಚಿ ಕುಡಿದಳು. ಕಾಕಾ ಕಿವಿಯ ಮೇಲಿನ ಬ್ರಷ್ ತೆಗೆದು ಕೈಯಲ್ಲಿ ಹಿಡಿದಿದ್ದರು... ಇದು ಮಾತ್ರ ಚೆನ್ನಾಗಿ ನೆನಪಿದೆ.

“ಹಾಂ, ಈಗ ಚಾ ಆತು,” ಎಂದಳು ಆಯಿ. “ಮೂರು ಕುದಿ ಅಂತ ಬರಿ. ಬರಕೋ ಹೋಗು.”

ಹಾಗೆ ಬದಲಿಸುವಂತಿಲ್ಲ ಎಂದು ನಾನು ಹೊರಗೆ ಬಂದು ಕಾಕಾ ಜೊತೆ ಜಗಳಕ್ಕೆ ನಿಂತೆ. ಅವರು ಆಗಲೇ ನೀಲಿ ಪುಡಿ ಹಚ್ಚಿದ ದಾರವನ್ನು ಎಳೆದು ಗೋಡೆಗೆ ಗೆರೆ ಹೊಡೆಯುತ್ತಿದ್ದರು. ಗೋಡೆ ಬೇಕೋ, ನಿಮ್ಮ ಒಂದು ಕುದಿ ಬೇಕೋ ಎಂದು ಕೇಳಿ ಬ್ರಷ್ ಅದ್ದಿದರು. ಸಂಜೆಯ ಹೊತ್ತಿಗೆ ಎತ್ತಿನ ಗಾಡಿಯಷ್ಟು ದೊಡ್ಡ ಚಹಾ ಕಪ್ಪು, ಅದರ ಮೇಲೆ ಸುರುಳಿ ಸುರುಳಿ ಹಬೆ, ಕೆಳಗೆ ‘ಮೂರು ಕುದಿಗೆ ಕಡಕ್’.

ಫೋಟೊ ನೋಡಿದ ಮ್ಯಾನೇಜರ್ ಸಾಹೇಬರು ಜೀಪು ಹಿಡಿದು ಬಂದರು. ಇಳಿಯುತ್ತಲೇ ಅಳಿಸು ಎಂದರು. ಕಾಕಾ ಎದುರಾಡಲಿಲ್ಲ. ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು, ಗೋಡೆ ಆಯಿಯದು, ಒಂದು ಮಾತು ಆಕೆಯನ್ನು ಕೇಳಿ ಎಂದರು. ಆ ಗೋಡೆ ಹೋದರೆ ಉಳಿದ ಊರುಗಳೂ ಹೋದವೆಂದೇ ಲೆಕ್ಕ.

ಆಗ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಗೋಡೆ ಓದಿ, ಬಾಗಿಲಲ್ಲಿದ್ದ ಆಯಿಯನ್ನು ಇದು ಖರೆಯೇ ಎಂದು ಕೇಳಿದಳು. ಖರೆ, ತಾನೇ ಕುದಿಸಿ ನೋಡಿದ್ದೇನೆ ಎಂದಳು ಆಯಿ.

“ಅಯ್ಯ, ನಾ ಒಂದ ಕುದಿಗಿ ಇಳಸ್ತಿದ್ದೆ. ಸಪ್ಪಗಾಗ್ತೈತಂತ ಪುಡೀನ ಬದಲ್ ಮಾಡೀನಿ. ಮತ್ತ ತಂದು ನೋಡ್ತೀನಿ ತಗೋ.”

ಆ ಹೆಂಗಸು ನಿಜವಾಗಿ ಇದ್ದಳೋ, ಪಾಠಕ್ಕೆ ಅನುಕೂಲವೆಂದು ಆಮೇಲೆ ನಾನೇ ತಂದು ನಿಲ್ಲಿಸಿದೆನೋ... ಆಣೆ ಮಾಡಲಾರೆ. ಆದರೆ ಆಯಿ ಕೊಟ್ಟ ಚಹಾ ಕುಡಿಯುತ್ತಿದ್ದ ಮ್ಯಾನೇಜರ್ ಸಾಹೇಬರಿಗೆ ನಗು ತಡೆಯದೆ ನೆತ್ತಿಗೇರಿದ್ದು, ಕಾಕಾ ಬಣ್ಣ ಮೆತ್ತಿದ ಕೈಯಲ್ಲಿ ಅವರ ಬೆನ್ನು ತಟ್ಟಿ ಶರ್ಟಿನ ಮೇಲೆ ಐದು ಬೆರಳಿನ ಕೆಂಪು ಗುರುತು ಮೂಡಿಸಿದ್ದು ಖಂಡಿತ ನಡೆಯಿತು. ಆ ಶರ್ಟು ನೋಡಿ ಇಡೀ ಆಫೀಸು ನಕ್ಕಿತ್ತು.

ಗೋಡೆ ಉಳಿಯಿತು; ಉಳಿದ ಊರುಗಳೂ ಬಂದವು. ಮುಂದೆ ಕಾಕಾ ಪ್ರತಿ ಮನೆಯಲ್ಲೂ ಕುಳಿತು, ಕುಡಿಸಿ, ಕೇಳಿಯೇ ಬರೆದರು. ಶಿರವಾಳದಲ್ಲಿ ಒಬ್ಬರು ಶುಂಠಿಯನ್ನೂ ಸೇರಿಸಿ ಬರೆಸಿದರು. ಒಬ್ಬ ಮುದುಕರಂತೂ ಕಪ್ಪಿನ ಪಕ್ಕದಲ್ಲಿ ತಮ್ಮ ಎಮ್ಮೆಯನ್ನು ಬರೆಸಿಕೊಂಡು, ಹಾಲು ಇದರದು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಇದರಿಂದ ಪುಡಿ ಎಷ್ಟು ಹೆಚ್ಚು ಹೋಯಿತೋ ನಾನು ಅಳೆಯಲಿಲ್ಲ, ಅಳೆದವರನ್ನು ನಂಬುವುದೂ ಇಲ್ಲ. ನಾನು ಬೇಗ ಕಂಪನಿ ಬಿಟ್ಟೆ. ಆಮೇಲೆ ಕಂಪನಿಯೂ ಆ ಕಡೆ ಬರುವುದನ್ನು ಬಿಟ್ಟಿತು.

ಕಾಕಾ ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿಯಿತು.

ಮೊನ್ನೆ ಸ್ಟೇಷನ್ನಿನಿಂದ ಮನೆಗೆ ಹೋಗುವ ಬದಲು ಸುರಪುರದ ಬಸ್ ಹತ್ತಿ ಆ ಹಳ್ಳಿಯಲ್ಲಿ ಇಳಿದೆ. ಆಯಿ ಹೋಗಿ ಬಹಳ ಕಾಲವಾಗಿದೆ. ಗೋಡೆಗೆ ಸುಣ್ಣ ಬಳಿದಿದ್ದರು, ಒಂದಕ್ಷರವೂ ಇಲ್ಲ. ಅಂಥ ಗೋಡೆಯನ್ನು ಯಾರೂ ಕೇಳಿಲ್ಲವೆಂದರೆ ನಂಬುವುದು ಕಷ್ಟ. ಆಯಿಯ ಸೊಸೆಯನ್ನು ವಿಚಾರಿಸಿದೆ.

“ಬಂದಿದ್ರು ಅಣ್ಣಾರ, ಸಿಮೆಂಟಿನವ್ರು, ಫೋನಿನವ್ರು. ಬಾಡಿಗಿ ಎಷ್ಟಂತ ನಿಂತಲ್ಲೇ ಕೇಳಿದ್ರು. ಒಬ್ರರ ಒಳಗ ಬಂದು ಕುಂಡರಲಿಲ್ಲ. ಪೇಂಟರ್ ಕಾಕಾ ಬರಲಿ, ಆಮ್ಯಾಲ ನೋಡಿದ್ರಾತಂತ ಹಂಗ ಬಿಟ್ಟೀವಿ.”

ಸುದ್ದಿಯನ್ನು ನಾನೇ ಹೇಳಬೇಕಾಯಿತು. ಆಕೆ ಸೆರಗಿನಿಂದ ಗೋಡೆಯ ಮೇಲಿನ ಧೂಳನ್ನು ಒಂದು ಕಡೆ ಒರೆಸಿದಳು.

“ಹಂಗಾರ ಖಾಲಿನ ಇರ್ಲಿ ಬಿಡ್ರಿ,” ಎಂದಳು.