ಅವೆರೋ ಸೂಲಗಿತ್ತಿಯ ಕೆಂಪು ದಾರ

“ನಾನು ಹೆರಿಗೆ ಮಾಡಿಸಿದ ಅವಳಿಗಳನ್ನ ಸಾಲಾಗಿ ನಿಲ್ಲಿಸಿದ್ರೆ, ಸಾಲು ಇಬಾದಾನ್ ಪಟ್ಟಣ ಮುಟ್ಟಿ ವಾಪಸ್ ಬರುತ್ತೆ. ಯಾರು ಮೊದಲು ಬಂದರು, ಯಾರು ಆಮೇಲೆ ಅನ್ನೋದ್ರಲ್ಲಿ ಒಂದು ಜೋಡಿಯೂ ತಪ್ಪಿಲ್ಲ,” ಎನ್ನುತ್ತಿದ್ದಳು ಅವೆರೋ ಸೂಲಗಿತ್ತಿ.

ಇಗ್ಬೊ-ಓರಾದಲ್ಲಿ ಅದನ್ನು ಅಲ್ಲಗಳೆಯುವವರಿರಲಿಲ್ಲ. ಒಂಟಿ ಮಗು ಹುಟ್ಟಿದರೆ ಇನ್ನೊಂದೆಲ್ಲಿ ಎಂದು ಮಂಚದ ಕೆಳಗೆ ಹುಡುಕುವ ಊರು ಅದು. ಅಲ್ಲಿ ಮೊದಲು ಬಂದವನು ತಮ್ಮ, ಯಾವ ಮನೆಯಲ್ಲಾದರೂ ಅವನ ಹೆಸರು ತಾಯ್ವೊ. ‘ಲೋಕ ಹೇಗಿದೆ ನೋಡು ಹೋಗು’ ಎಂದು ಅವನನ್ನು ಅಟ್ಟಿ, ನಿಧಾನವಾಗಿ ಹಿಂದೆ ಬಂದವನೇ ಅಣ್ಣ, ಕೆಹಿಂಡೆ. ಮಾಂಸದ ಮೊದಲ ತುಂಡು ಅಣ್ಣನಿಗೆ, ಓಡಾಟವೆಲ್ಲ ತಮ್ಮನಿಗೆ. ಅದಕ್ಕೇ ಅವೆರೋ ಮೊದಲು ಬಂದ ಕೂಸಿನ ಮಣಿಕಟ್ಟಿಗೆ ಕೆಂಪು ದಾರ ಕಟ್ಟುತ್ತಿದ್ದಳು.

ನಲವತ್ತು ವರ್ಷದ ಹಿಂದೆ ಬಡಗಿಯ ಮನೆಯ ಅವಳಿಗಳಿಗೆ ಎಣ್ಣೆ ಹಚ್ಚಿ ಮೀಯಿಸುವಾಗ ಆ ದಾರ ಕಳಚಿ ಬೋಗುಣಿಯ ನೀರಿನಲ್ಲಿ ತೇಲುತ್ತಿತ್ತು. ಮಕ್ಕಳೋ, ಒಂದೇ ಅಚ್ಚು. ಅವೆರೋ ಬಾಗಿಲ ಕಡೆ ನೋಡಿದಳು, ಯಾರೂ ಇರಲಿಲ್ಲ. ಜೋರಾಗಿ ಅಳುತ್ತಿದ್ದವನ ಕೈಗೆ ದಾರ ಕಟ್ಟಿ, ಬಾಯಿಗೆ ಬೀಗ ಹಾಕಿಕೊಂಡಳು.

ಈಗ ವಿಶ್ವವಿದ್ಯಾಲಯದಿಂದ ಡಾಕ್ಟರ್ ಬುಸಾಯೋ ಬಂದು, ಶಾಲೆಯ ಜಗಲಿಯಲ್ಲಿ ಕೂತು ಪರೀಕ್ಷೆಗೆಂದು ಅವಳಿಗಳ ಎಂಜಲು ಸಂಗ್ರಹಿಸಿದಳು. ಎಲ್ಲರಿಗಿಂತ ಮುಂದೆ ನಿಂತವನು ಬಡಗಿಯ ಮಗ ತಾಯ್ವೊ. “ನಲವತ್ತು ವರ್ಷ ಮೂಳೆ ಚೀಪಿದೀನಿ. ಮಿಷನ್ನೇ ಹೇಳ್ಲಿ, ಅಣ್ಣ ಯಾರು ಅಂತ,” ಎಂದ.

ಫಲಿತಾಂಶಕ್ಕೆ ಒಂದು ತಿಂಗಳು. ಅಷ್ಟು ದಿನವೂ ಅವೆರೋಗೆ ಅಮಾಲಾ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಈ ಒಂದು ಜೋಡಿ ತಪ್ಪೆಂದಾದರೆ ಇಬಾದಾನಿನವರೆಗಿನ ಸಾಲೆಲ್ಲ ತಿರುಗಿ ಬಂದು ತನ್ನ ಬಾಗಿಲಲ್ಲೇ ನಿಲ್ಲುತ್ತದೆ. ಅವಳು ಎಷ್ಟು ಸೊರಗಿದಳೆಂದರೆ, ಉಟ್ಟ ಬಟ್ಟೆ ಅವಳನ್ನು ಬಿಟ್ಟು ಒಂದೆರಡು ಹೆಜ್ಜೆ ಮುಂದೆ ನಡೆಯುತ್ತಿತ್ತು.

ಆ ದಿನ ಬಂತು. ಅಣ್ಣತಮ್ಮಂದಿರ ಜೊತೆ ಅವೆರೋ ಕೂಡ ಶಾಲೆಗೆ ಬಂದಿದ್ದಳು. ಡಾಕ್ಟರ್ ಕಾಗದ ನೋಡಿ, “ನೀವಿಬ್ಬರೂ ಒಂದೇ ಅಂಡದಿಂದ ಆದವರು,” ಎಂದಳು.

“ಅದಿರ್ಲಿ ಡಾಕ್ಟ್ರಮ್ಮ, ಮೊದಲು ಬಂದೋನು ಯಾರು?” ಎಂದ ತಾಯ್ವೊ.

“ಎಂಜಲಿಗೆ ಅದೆಲ್ಲಿ ಗೊತ್ತಾಗುತ್ತಪ್ಪ? ಯಾವ ಮಿಷನ್ನೂ ಅದನ್ನ ಹೇಳಲ್ಲ. ಹೆರಿಗೆ ಮಾಡಿಸಿದವರನ್ನೇ ಕೇಳ್ಬೇಕು.”

ನಲವತ್ತು ವರ್ಷ ಬಿಗಿಹಿಡಿದಿದ್ದ ಉಸಿರನ್ನು ಅವೆರೋ ಬಿಟ್ಟಳು. ಜಗಲಿಯ ಮೇಲಿನ ಕಾಗದಗಳು ಅಂಗಳಕ್ಕೆ ಹಾರಿದವು. ಒಂದು ತಿಂಗಳಲ್ಲಿ ಮೊದಲ ಸಲ ಅವಳಿಗೆ ಹೊಟ್ಟೆ ಹಸಿದದ್ದು ತಿಳಿಯಿತು.

ತಾಯ್ವೊ ಅವಳತ್ತ ತಿರುಗಿದ. “ಅಮ್ಮಾ, ನನ್ನ ಕಣ್ಣು ನೋಡಿ ಹೇಳಿ. ಅಣ್ಣ ನಾನೇ ತಾನೆ?”

ಅಷ್ಟರಲ್ಲಿ ನೆರಳಲ್ಲಿ ಕೂತಿದ್ದ ಕೆಹಿಂಡೆ, “ಲೋ, ಅಮ್ಮ ಬಿಸಿಲಲ್ಲಿ ನಿಂತಿದಾರೆ, ಒಂದು ಕುರ್ಚಿ ತಾರೋ,” ಎಂದ.

ತಾಯ್ವೊ ಓಡಿ ಹೋಗಿ ತಂದ. ಏದುಸಿರು ಬಿಡುತ್ತಾ, “ಈಗ ಹೇಳಿ,” ಎಂದ.

ಅವೆರೋ ಆರಾಮವಾಗಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಅಣ್ಣ ಆಗಿದ್ದಿದ್ರೆ, ಕುರ್ಚಿ ತರೋಕೆ ನೀನು ಹೋಗ್ತಿದ್ದೆಯೇನಪ್ಪ?”