ಹಿಂದಿನ ಆಕ್ಸಲ್ ಬಿಚ್ಚಿದ ವರ್ಷ

ನನ್ನ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವರ ಹಳೆಯ ಅಂಬಾಸಿಡರ್ ಕಾರನ್ನು ನಾನೇ ಓಡಿಸಿಕೊಂಡು, ಮಾರ್ಕೋನಹಳ್ಳಿ ಕಡೆಯ ನನ್ನ ತವರಿನಿಂದ ತುಮಕೂರಿಗೆ ಬರುತ್ತಿದ್ದೆ. ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಹಿಂದಿನ ಸೀಟಿನ ತುಂಬ ತೆಂಗಿನಕಾಯಿ. ದಾರಿಯುದ್ದಕ್ಕೂ ಹಿಂದಿನಿಂದ ಗೊಂಯ್ ಎನ್ನುತ್ತಿದ್ದ ಸದ್ದು ಕುಣಿಗಲ್ ಹತ್ತಿರವಾಗುತ್ತಿದ್ದಂತೆ ಜೋರಾಯಿತು. ಊರೊಳಗೆ ಒಂದು ಹಂಪ್ ಹತ್ತಿಸಲು ಕ್ಲಚ್ ಬಿಟ್ಟಾಗ ಏನೋ ಕಟ್ ಎಂದಿತು. ಆಮೇಲೆ ಇಂಜಿನ್ ಓಡುತ್ತಿದೆ, ಗೇರೂ ಬಿದ್ದಿದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿದೆ.

ಹಿಂದೆ ಬಸ್ಸು, ಆಟೋಗಳ ಹಾರನ್ನು. ದಾರಿಹೋಕರು ತಳ್ಳಿ ಪಕ್ಕಕ್ಕೆ ನಿಲ್ಲಿಸಿಕೊಟ್ಟರು. ಹತ್ತಿರದ ಗ್ಯಾರೇಜಿನವನೊಬ್ಬ ಬಂದು ಜಾಕ್ ಕೊಟ್ಟು ಚಕ್ರ ತಿರುಗಿಸಿ ನೋಡಿದ. ಹಿಂದಿನ ಎರಡು ಚಕ್ರಗಳ ನಡುವೆ ಇರುವ ಆಕ್ಸಲ್ ಎಂಬ ದಪ್ಪ ಕಬ್ಬಿಣದ ಕೊಳವೆಯೊಳಗಿನ ಶಾಫ್ಟ್ ಮುರಿದಿತ್ತು. ಎಣ್ಣೆ ಇಳಿಸಿದಾಗ ಅದರಲ್ಲಿ ಲೋಹದ ಚೂರುಗಳು ಮಿನುಗಿದವು. ಅಂದರೆ ಮುರಿದ ಶಾಫ್ಟಿನ ಜೊತೆಗೆ ಒಳಗಿನ ಹಲ್ಲುಚಕ್ರಗಳೂ ಕೆಟ್ಟಿದ್ದವು. ಇದಕ್ಕೆಲ್ಲ ಈಗ ಸಾಮಾನು ಸಿಗುವುದಿಲ್ಲ, ಗುಜರಿಗೆ ಹಾಕುವುದೇ ಮೇಲು ಎಂದ ಆತ, ಮನೆಯ ಗಂಡಸರು ಯಾರನ್ನಾದರೂ ಕರೆಸಿ, ಮಾತಾಡೋಣ ಎಂದ. ನಾನು ಫೋನ್ ಮಾಡಿದ್ದು ಕಾರು ಎಳೆಯುವ ಗಾಡಿಯವನಿಗೆ.

ತುಮಕೂರಿನ ಬಟವಾಡಿಯಲ್ಲಿ ನಮ್ಮದು ಎರಡಂತಸ್ತಿನ ಮನೆ. ಕೆಳಗೆ ನಾನು ಮತ್ತು ಅತ್ತೆ, ಮೇಲೆ ಮೈದುನನ ಸಂಸಾರ. ಸತ್ತ ದನವನ್ನು ಎಳೆದು ತಂದ ಹಾಗೆ ಕಾರು ಅಂಗಳಕ್ಕೆ ಬಂದಾಗ ಎಲ್ಲರೂ ಹೊರಗೆ ಬಂದರು. ಅಂದು ಸಂಜೆಯೇ ಮೈದುನ ಗುಜರಿಯವನ ಜೊತೆ ಮಾತಾಡಿದ್ದ. ಕೆಟ್ಟ ಮನುಷ್ಯ ಅಲ್ಲ ಅವನು. ಅಣ್ಣನ ಆಸ್ಪತ್ರೆ ದಿನಗಳಲ್ಲಿ ನನ್ನ ಜೊತೆ ಹಗಲೂ ರಾತ್ರಿ ನಿಂತವನು. ಆದರೆ ಅಣ್ಣ ಹೋದ ಮೇಲೆ ನನ್ನ ಪರವಾಗಿ ತೀರ್ಮಾನ ಮಾಡುವುದು ತನ್ನ ಕರ್ತವ್ಯ ಎಂದು ಅವನಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನಾನು ಕಾರನ್ನು ಕೊಡುವುದಿಲ್ಲ, ರಿಪೇರಿ ಮಾಡಿಸುವುದೂ ಇಲ್ಲ, ನಾನೇ ಮಾಡುತ್ತೇನೆ ಎಂದೆ. ಓರಗಿತ್ತಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು.

ಇಲ್ಲಿ ನನ್ನ ಕೆಲಸ ಏನೆಂದು ಹೇಳಬೇಕು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನಾನು ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳುವವಳು. ಅರ ಹಿಡಿಯುವುದು, ಕಬ್ಬಿಣವನ್ನು ಕೂದಲೆಳೆಯಷ್ಟು ತೇಯುವುದು, ಬೇರಿಂಗನ್ನು ಪೆಟ್ಟಾಗದಂತೆ ಕೂರಿಸುವುದು, ಇವನ್ನು ನನ್ನಿಂದ ಕಲಿತು ಹೋದವರು ಈ ಜಿಲ್ಲೆಯ ಕಾರ್ಖಾನೆಗಳ ತುಂಬ ಇದ್ದಾರೆ. ಆದರೆ ಮನೆಯಲ್ಲಿ ಈ ಕಾರಿನ ಬಾನೆಟ್ ಎತ್ತುವ ಅಧಿಕಾರ ನನಗಿರಲಿಲ್ಲ. ಓಡಿಸಲು ಬಿಡುತ್ತಿದ್ದರು, ಸ್ಪ್ಯಾನರ್ ಮುಟ್ಟಲು ಬಿಡುತ್ತಿರಲಿಲ್ಲ. "ಹಗಲೆಲ್ಲ ಮಸಿ ಕೈ ಮಾಡ್ಕೊಂಡೇ ಇರ್ತೀಯ, ಮನೇಲಾದ್ರೂ ಬುಡು ಅತ್ಲಾಗೆ," ಎನ್ನುತ್ತಿದ್ದರು ನನ್ನ ಗಂಡ. ಅದರಲ್ಲಿ ಪ್ರೀತಿ ಇತ್ತು. ಕಾರು ತಮ್ಮದು ಎಂಬ ಹಟವೂ ಇತ್ತು. ಎರಡೂ ನನಗೆ ಗೊತ್ತಿತ್ತು.

ಮೊದಲ ಭಾನುವಾರ ಹಳೆಯ ಚೂಡಿದಾರ್ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಕಾರಿನ ಕೆಳಗೆ ತೂರಿದೆ. ಕಾರಿನ ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದೆ. ಚಕ್ರ, ಬ್ರೇಕ್ ಡ್ರಮ್, ಆಮೇಲೆ ಶಾಫ್ಟುಗಳು. ಒಂದು ಶಾಫ್ಟ್ ಇಡಿಯಾಗಿ ಬಂತು, ಇನ್ನೊಂದರ ತುಂಡನ್ನು ಒಳಗಿನಿಂದ ಎಳೆಯಲು ಕಂಬಿ ಬಗ್ಗಿಸಿ ಕೊಕ್ಕೆ ಮಾಡಬೇಕಾಯಿತು. ಹಲ್ಲುಚಕ್ರಗಳಿರುವ ನಡುವಿನ ಡಿಫರೆನ್ಷಿಯಲ್ ಬಿಚ್ಚಿ ಹೊರಗೆ ತೆಗೆಯುವಾಗ ಅದರ ಭಾರಕ್ಕೆ ನನ್ನ ಮೊಣಕೈ ನೆಲಕ್ಕೆ ತಾಗಿ ಚರ್ಮ ಕಿತ್ತುಹೋಯಿತು. ಬಿಡಲಿಲ್ಲ. ಎದೆಯ ಮೇಲೆ ಇಳಿಸಿಕೊಂಡು, ಹಾಗೇ ಮಗ್ಗುಲಾಗಿ, ಗೋಣಿಚೀಲದ ಮೇಲೆ ಉರುಳಿಸಿದೆ. ಇಂಜಿನ್ನಿನಿಂದ ಬರುವ ಸುತ್ತನ್ನು ಚಕ್ರಗಳಿಗೆ ತಿರುಗಿಸಿಕೊಡುವ ದೊಡ್ಡ ಕ್ರೌನ್ ಚಕ್ರ ಮತ್ತು ಪುಟ್ಟ ಪಿನಿಯನ್, ಎರಡರ ಹಲ್ಲುಗಳೂ ಇಲಿ ಕಡಿದ ಕೊಬ್ಬರಿಯ ಹಾಗೆ ಆಗಿದ್ದವು.

ಸಾಮಾನು ಸಿಗುವುದಿಲ್ಲ ಎಂದದ್ದು ನಿಜವೇ. ತುಮಕೂರಿನ ಅಂಗಡಿಗಳಲ್ಲಿ ಬೇರಿಂಗು, ಆಯಿಲ್ ಸೀಲು ಸಿಕ್ಕವು, ಕ್ರೌನ್ ಮತ್ತು ಪಿನಿಯನ್ ಸಿಗಲಿಲ್ಲ. ಅವೆರಡನ್ನೂ ಬೇರೆ ಬೇರೆ ಕಡೆಯಿಂದ ತಂದು ಕೂಡಿಸುವ ಹಾಗಿಲ್ಲ. ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, ಗುಬ್ಬಿಯಿಂದ ಮುಂದೆ ನಿಟ್ಟೂರಿನಲ್ಲಿ ಒಬ್ಬರ ತೋಟದಲ್ಲಿ ಇಂಥದ್ದೇ ಕಾರು ಬಹಳ ಕಾಲದಿಂದ ನಿಂತಿದೆ ಎಂದ.

ಸ್ಕೂಟರಿನಲ್ಲಿ ಹೋದೆ. ತೆಂಗಿನ ಗರಿಗಳ ಕೆಳಗೆ ಅರ್ಧ ಹೂತ ಕಾರು, ಒಳಗೆ ಕಾವಿಗೆ ಕೂತ ಕೋಳಿ. ತೋಟದ ಯಜಮಾನರು ನನ್ನನ್ನೂ ಸ್ಕೂಟರನ್ನೂ ನೋಡಿ, "ಯಾರಾದ್ರೂ ಗಂಡಸ್ರನ್ನ ಕರ್ಕಂಬನ್ನಿ ಕಣಮ್ಮ. ಅದೇನು ಸೌದೆ ಎತ್ಕಂಡು ಹೋದಂಗಾ?" ಎಂದರು. ಬಿಚ್ಚುವುದು ನನಗೆ ಬಿಟ್ಟಿದ್ದು, ಕೊಡುತ್ತೀರೋ ಇಲ್ಲವೋ ಅಷ್ಟು ಹೇಳಿ ಎಂದೆ. ಬಿಚ್ಚಿದರೆ ತಗೊಂಡು ಹೋಗಿ ಎಂದು ಅವರು ನಕ್ಕು, ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ನೋಡುವ ಆಸೆ.

ಅದು ಸುಲಭದ ಕೆಲಸವಾಗಿರಲಿಲ್ಲ. ನಟ್ಟುಗಳು ತುಕ್ಕು ಹಿಡಿದು ಒಂದೇ ಕಬ್ಬಿಣದ ಗಡ್ಡೆಯಾಗಿದ್ದವು. ಸೀಮೆಎಣ್ಣೆ ಸುರಿದು ಕಾದೆ, ಉಳಿ ಇಟ್ಟು ಹೊಡೆದೆ. ಕೆಂಪಿರುವೆಗಳು ಕತ್ತಿನಿಂದ ಬಟ್ಟೆಯೊಳಗೆ ಇಳಿದವು. ಮಧ್ಯಾಹ್ನದ ಊಟಕ್ಕೆ ಎದ್ದು ಹೋದ ಯಜಮಾನರು ವಾಪಸು ಬಂದಾಗ ಡಿಫರೆನ್ಷಿಯಲ್ ಇಡಿಯಾಗಿ ಗರಿಯ ಮೇಲೆ ಕೂತಿತ್ತು. ಕ್ರೌನ್ ಮೇಲೂ ಪಿನಿಯನ್ ಮೇಲೂ ಜೋಡಿಯ ಒಂದೇ ಗುರುತು ಕೆತ್ತಿದ್ದರು, ಹಲ್ಲುಗಳಿಗೆ ಹಳೆಯ ಎಣ್ಣೆ ಅಂಟಿಕೊಂಡು ತುಕ್ಕು ಮುಟ್ಟಿರಲಿಲ್ಲ. ಒಂದು ಶಾಫ್ಟನ್ನೂ ಎಳೆದುಕೊಂಡೆ. ಅವರು ತಮ್ಮ ಗೂಡ್ಸ್ ಆಟೋದಲ್ಲೇ ಅದನ್ನು ಬಟವಾಡಿಗೆ ಕಳಿಸಿಕೊಟ್ಟರು. ನಾನು ಮುಖ ತೊಳೆದುಕೊಂಡು ಸ್ಕೂಟರ್ ಹತ್ತಿದೆ.

ಕೂರಿಸುವ ಕೆಲಸವೇ ನಿಜವಾದ ಕೆಲಸ. ಬೇರಿಂಗುಗಳು ಹೊಸವು. ಪಿನಿಯನ್ ಹಿಂದೆ ಕಾಗದದಷ್ಟು ತೆಳುವಾದ ಉಕ್ಕಿನ ಬಳೆಗಳನ್ನು ಇಟ್ಟು, ಅದು ಕ್ರೌನ್ ಚಕ್ರಕ್ಕೆ ಎಷ್ಟು ಹತ್ತಿರ ಇರಬೇಕು ಎಂದು ನಿಗದಿ ಮಾಡಬೇಕು. ಹಲ್ಲುಗಳಿಗೆ ನೀಲಿ ಬಣ್ಣ ಸವರಿ ತಿರುಗಿಸಿದರೆ ಎಲ್ಲಿ ತಾಗುತ್ತದೆ ಎಂಬ ಗುರುತು ಬೀಳುತ್ತದೆ. ಗುರುತು ಹಲ್ಲಿನ ನಡುವೆ ಇರಬೇಕು. ನನ್ನ ಕಣ್ಣಿಗೆ ನಡುವೆಯೇ ಕಂಡಿತು. ಎಲ್ಲ ಜೋಡಿಸಿ, ಎಣ್ಣೆ ತುಂಬಿ, ಕುಣಿಗಲ್ ರಸ್ತೆಗೆ ತೆಗೆದುಕೊಂಡು ಹೋದೆ. ಓರಗಿತ್ತಿಯ ಮಗಳು, ಮದುವೆ ಗೊತ್ತಾಗಿದ್ದ ಹುಡುಗಿ, ತಾನೂ ಬರುತ್ತೇನೆಂದು ಪಕ್ಕದಲ್ಲಿ ಕೂತಿದ್ದಳು. ಊರು ದಾಟಿ ವೇಗ ಹಿಡಿದಾಗ ಹಿಂದಿನಿಂದ ಶಂಖ ಊದಿದಂಥ ಸದ್ದು ಶುರುವಾಯಿತು. ಅಲ್ಲೇ ಕಾರು ತಿರುಗಿಸಿದೆ. ವಾಪಸು ಬಂದಾಗ ಮೈದುನ ಗೇಟಿನಲ್ಲೇ ನಿಂತಿದ್ದ. ಸದ್ದು ಬೀದಿಯ ತುದಿಯಿಂದಲೇ ಅವನಿಗೆ ಕೇಳಿಸಿತ್ತು. ಆ ಸಲ ಅವನು ಗುಜರಿಯ ಮಾತು ಎತ್ತಲಿಲ್ಲ, ಪಾಪ ಎನ್ನುವಂತೆ ನೋಡಿದ. ಗುಜರಿಯ ಮಾತಿಗಿಂತ ಅದು ಹೆಚ್ಚು ಉರಿಸಿತು.

ಮತ್ತೆ ಪೂರ್ತಿ ಬಿಚ್ಚಿದೆ. ಭಾರ ಹೊತ್ತು ತಿರುಗುವಾಗ ಎಲ್ಲಿ ತಾಗುತ್ತದೆ ಎಂದು ನೋಡದೆ, ಸುಮ್ಮನೆ ಕೈಯಲ್ಲಿ ತಿರುಗಿಸಿ ನೋಡಿದ್ದೆ. ಈ ಸಲ ಒಂದು ಕೈಯಲ್ಲಿ ಕ್ರೌನ್ ಚಕ್ರವನ್ನು ಬಿಗಿಯಾಗಿ ತಡೆದು, ಇನ್ನೊಂದರಲ್ಲಿ ಪಿನಿಯನ್ ತಿರುಗಿಸಿದಾಗ ನೀಲಿ ಗುರುತು ಹಲ್ಲಿನ ಬುಡಕ್ಕೆ ಇಳಿದಿತ್ತು. ಪಿನಿಯನ್ ಅಗತ್ಯಕ್ಕಿಂತ ಒಳಗೆ ಕೂತಿದೆ ಎಂದು ಅರ್ಥ. ಹಿಂದಿನ ಬಳೆಯನ್ನು ಇನ್ನೂ ತೆಳ್ಳಗಿನದಕ್ಕೆ ಬದಲಿಸಿದೆ. ಅದಕ್ಕಾಗಿ ಹೊಸ ಬೇರಿಂಗನ್ನು ಎಳೆದು ತೆಗೆದು ಮತ್ತೆ ಕೂರಿಸಿದೆ. ಸಾಲಲಿಲ್ಲ. ಇನ್ನೊಮ್ಮೆ ತೆಗೆದೆ. ಅತ್ತೆ ಕಿಟಕಿಯಿಂದ ನೋಡಿ, ನಿನಗೆ ಯಾರ ಮೇಲೆ ಇಷ್ಟು ಸಿಟ್ಟು ಎಂದು ಕೇಳಿದರು. ಸತ್ತವರ ಮೇಲೂ ಇತ್ತು, ಇದ್ದವರ ಮೇಲೂ ಇತ್ತು. ಕೆಲಸ ಮಾಡುವಾಗ ಮಾತ್ರ ಇರಲಿಲ್ಲ.

ಎರಡನೆಯ ಸಲ ರಸ್ತೆಗೆ ಇಳಿದಾಗ ಸದ್ದಿಲ್ಲ. ಗಾಜು ಇಳಿಸಿದೆ, ಏರಿಸಿದೆ, ಆಕ್ಸಿಲರೇಟರ್ ಒತ್ತಿದೆ, ಬಿಟ್ಟೆ. ಟೈರಿನ ಸದ್ದು, ಗಾಳಿಯ ಸದ್ದು, ಅಷ್ಟೇ. ಕುಣಿಗಲ್ಲಿನ ಆ ಹಂಪ್ ತನಕ ಹೋಗಿ, ಅದರ ಮೇಲೆ ಬೇಕೆಂದೇ ನಿಲ್ಲಿಸಿ, ಮೊದಲ ಗೇರಿನಲ್ಲಿ ಎಬ್ಬಿಸಿದೆ. ಕಾರು ಎದ್ದು ಹೊರಟಿತು.

ಮದುವೆಯ ವಾರ ಹುಡುಗಿ ಕೆಳಗೆ ಬಂದು, "ದೊಡ್ಡಮ್ಮ, ಛತ್ರಕ್ಕೆ ನಿನ್ನ ಕಾರಲ್ಲೇ ನಾನು ಹೋಗೋದು," ಎಂದಳು. ಛತ್ರ ಗುಬ್ಬಿಯಲ್ಲಿ. ಮನೆಯವರಿಗೆ ಖುಷಿಯೇ ಆಯಿತು, ಹಳೆಯ ಕಾರಿನಲ್ಲಿ ಮದುಮಗಳು ಇಳಿದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು. ಮರುದಿನ ಮೈದುನ ಕಾಫಿಯ ಹೊತ್ತಿಗೆ ಬಂದು ಕೂತ.

"ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಕಾರು ಬರ್ಲಿ. ಓಡ್ಸೋಕೆ ಒಬ್ಬ ಡ್ರೈವರ್‌ಗೆ ಹೇಳಿದೀನಿ."

ಯಾಕೆ ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ. ಅವನ ಬಾಯಲ್ಲೇ ಬರಲಿ ಎಂದು. ಶುಭಕಾರ್ಯ, ಗಂಡಿನ ಕಡೆಯವರು ಬಾಗಿಲಲ್ಲೇ ನಿಂತಿರುತ್ತಾರೆ, ಮೊದಲು ಇಳಿಯುವ ಹೆಂಗಸು ಮುತ್ತೈದೆ ಆಗಿದ್ದರೆ ಒಳ್ಳೆಯದು ಎಂದೆಲ್ಲ ಹೇಳಿದ. ಹೇಳುವಾಗ ಅವನ ಕಣ್ಣು ಮೇಲೇಳಲಿಲ್ಲ.

"ನೋಡಪ್ಪ," ಎಂದೆ. "ಕಾರು ಬೇಕು ಅಂದ್ರೆ ಓಡ್ಸೋಳು ನಾನು. ನಾನು ಬೇಡ ಅಂದ್ರೆ ಕಾರೂ ಬೇಡ. ಬಾಡಿಗೆ ಕಾರು ಬೇಕಾದಷ್ಟು ಸಿಗ್ತವೆ."

ಅತ್ತೆ ಒಳಗಿನಿಂದ ಬಂದರು. ಅವರು ಗಂಡನನ್ನು ಕಳೆದುಕೊಂಡಾಗ ನನ್ನ ಗಂಡನೇ ಇನ್ನೂ ಹೈಸ್ಕೂಲಿನಲ್ಲಿದ್ದರಂತೆ. ಅಂದಿನಿಂದ ಯಾವ ಮದುವೆಯಲ್ಲೂ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತವರು. ಅವರು ನನ್ನ ಪರ ಮಾತಾಡುತ್ತಾರೆ ಎಂದು ಆಸೆಪಟ್ಟೆ. "ನಾನು ಹಿಂದೆ ಕೂತು ಬದುಕಿಲ್ವೇನೇ? ನಿಂಗೇನು ಹೊಸದಾಗಿ ಬಂದದೆ?" ಎಂದರು.

ನನಗೆ ಅಳು ಬರಬೇಕಿತ್ತು, ಬರಲಿಲ್ಲ. ನೀವು ಹಿಂದೆ ಕೂತಿದ್ದು ಸರಿ ಎಂದು ನನಗೆ ಯಾವತ್ತೂ ಅನಿಸಿಲ್ಲ, ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ, ಬನ್ನಿ ಎಂದೆ. ಅವರು ತಿರುಗಿ ದೇವರ ಮನೆಗೆ ಹೋದರು. ಮೇಲಿನ ಮನೆಯಲ್ಲಿ ಅಂದು ಜೋರು ಮಾತು ನಡೆಯಿತು. ತಾನು ಬೇರೆ ಕಾರು ಹತ್ತುವುದಿಲ್ಲ, ಬೇಕಾದರೆ ಗುಬ್ಬಿಗೆ ಸಿಟಿ ಬಸ್ ಸ್ಟಾಂಡಿನಿಂದ ಬಸ್ಸಿನಲ್ಲಿ ಬರುತ್ತೇನೆ ಎಂದು ಹುಡುಗಿ ಹೇಳಿದ್ದು ಮೆಟ್ಟಿಲವರೆಗೂ ಕೇಳಿಸಿತು.

ಹೊರಟ ಮಧ್ಯಾಹ್ನ ನಾನು ರೇಷ್ಮೆ ಸೀರೆಯನ್ನೇ ಉಟ್ಟೆ, ಹಸಿರು ಬಣ್ಣದ್ದು. ಸೆರಗು ಬಿಗಿಯಾಗಿ ಸಿಕ್ಕಿಸಿ ಸ್ಟೀರಿಂಗ್ ಮುಂದೆ ಕೂತೆ. ಹುಡುಗಿ ಹಿಂದೆ, ಅವಳ ಪಕ್ಕದಲ್ಲಿ ಓರಗಿತ್ತಿ. ನಗು ತಡೆದುಕೊಂಡಿದ್ದ ಅದೇ ಓರಗಿತ್ತಿ, ಮಗಳ ಜೊತೆ ಇದರಲ್ಲೇ ಬರುತ್ತೇನೆಂದು ಗಂಡನ ಎದುರು ಹೇಳಿ ಬಂದಿದ್ದಳು. ಅತ್ತೆ ಬರಲಿಲ್ಲ. ನೆಂಟರ ಜೊತೆ ಬಸ್ಸು ಹತ್ತಿದರು. ನನ್ನ ಪಕ್ಕದ ಸೀಟು ಗುಬ್ಬಿಯವರೆಗೂ ಖಾಲಿಯೇ ಇತ್ತು.

ಛತ್ರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸರು ನಾನು ಇಳಿದಾಗ ಒಬ್ಬರ ಮುಖ ಒಬ್ಬರು ನೋಡಿದರು. ಗಂಡಿನ ದೊಡ್ಡಮ್ಮ ಒಂದು ಹೆಜ್ಜೆ ಹಿಂದೆ ಸರಿದದ್ದೂ ಕಾಣಿಸಿತು. ನಾನು ತಲೆ ತಗ್ಗಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಸುತ್ತಿ ಬಂದು ಹಿಂದಿನ ಬಾಗಿಲು ತೆಗೆದು, ಹುಡುಗಿಯ ಕೈ ಹಿಡಿದು ಇಳಿಸಿಕೊಂಡೆ. ಅವಳು ನನ್ನ ಕೈ ಬಿಡಲಿಲ್ಲ. ಆರತಿ ಆಗುವವರೆಗೂ ಹಿಡಿದೇ ನಿಂತಳು. ತಟ್ಟೆ ಹಿಡಿದವರಿಗೆ ಬೇರೆ ದಾರಿಯಿರಲಿಲ್ಲ. ಇಬ್ಬರಿಗೂ ಸೇರಿಸಿಯೇ ಎತ್ತಿದರು.

ಮದುವೆ ಮುಗಿದ ಮೇಲೆ ಮೈದುನ ಬಹಳ ದಿನ ನನ್ನ ಜೊತೆ ಮಾತು ಬಿಟ್ಟ. ಈಗ ಅಗತ್ಯವಿದ್ದಷ್ಟು ಆಡುತ್ತಾನೆ, ಅದಕ್ಕಿಂತ ಹೆಚ್ಚಿಲ್ಲ. ನನ್ನಿಂದ ಅಪಶಕುನವಾಯಿತು ಎಂದು ನೆಂಟರಲ್ಲಿ ಒಬ್ಬಿಬ್ಬರು ಇವತ್ತೂ ಹೇಳುತ್ತಾರಂತೆ. ಹುಡುಗಿ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ, ಸಣ್ಣಪುಟ್ಟ ಜಗಳವನ್ನೂ ಆಡುತ್ತಾಳೆ, ಎಲ್ಲರ ಹಾಗೆ. ಚೆನ್ನಾಗಿಲ್ಲದೆ ಹೋಗಿದ್ದರೂ ಅದಕ್ಕೆ ನನ್ನ ಡ್ರೈವಿಂಗ್ ಕಾರಣ ಎಂದು ನಾನು ಒಪ್ಪುತ್ತಿರಲಿಲ್ಲ.

ಗುಬ್ಬಿಯಿಂದ ಬಂದ ವಾರವೇ ಎಡಗಡೆ ಚಕ್ರದ ಒಳಗಿನಿಂದ ಎಣ್ಣೆ ಒಸರಿದ್ದು ಕಾಣಿಸಿತು. ಎಣ್ಣೆ ತಡೆಯುವ ಸೀಲ್ ಸರಿಯಾಗಿ ಕೂತಿರಲಿಲ್ಲ. ಭಾನುವಾರ ಮತ್ತೆ ಜಾಕ್ ಏರಿಸಿದೆ. ಎದುರು ಮನೆಯವರು ಬಾಲ್ಕನಿಗೆ ಬಂದು ನಿಂತು ನೋಡಿದರು. ನೋಡಲಿ ಎಂದು ಕಾರಿನ ಕೆಳಗೆ ತೂರಿದೆ.